ಹೆಣ್ಣಿನ ಕೂಲಿ ನಿಗದಿಯಾಗುವುದು ಎಲ್ಲಿ?

ಅಹಮದಾಬಾದಿನಿಂದ ಹೊರಟು ವಡೋದರಾ, ಭರೂಚ್ ದಾಟಿ ಸೂರತ್ ಮುಟ್ಟುವ ರೈಲು ದಾರಿ ದೇಶದ ದೊಡ್ಡ ಕೈಗಾರಿಕಾ ಪಟ್ಟಿಯೊಂದರ ನಡುವೆ ಹಾದುಹೋಗುತ್ತದೆ.   ವಡೋದರಾದ ದಕ್ಷಿಣಕ್ಕಿರುವ ಮಕರಪುರದಲ್ಲಿ, ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ (ಜಿಐಡಿಸಿ) ವಸಾಹತಿನಲ್ಲಿ ಎಂಜಿನಿಯರಿಂಗ್ ಬಿಡಿಭಾಗ ತಯಾರಿಸುವ ಸಣ್ಣ, ಮಧ್ಯಮ ಘಟಕಗಳ ಸಾಲುಗಳಿವೆ. ನಗರದ ಇನ್ನೊಂದು ಮಗ್ಗುಲಲ್ಲಿ 1965ರಲ್ಲಿ ಶುರುವಾದ ಕೊಯಲಿ ತೈಲ ಶುದ್ಧೀಕರಣಾಗಾರ, ಅದರ ಸುತ್ತ ರಸಗೊಬ್ಬರ, ರಾಸಾಯನಿಕಗಳ ಕಾರ್ಖಾನೆಗಳು. ಸೂರತ್ತಿನಲ್ಲಿ ವಜ್ರ, ಪವರ್‌ಲೂಮ್, ಜರಿ. ಅಹಮದಾಬಾದ್ ಒಂದು ಕಾಲದಲ್ಲಿ ಭಾರತದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ದೇಶದ ಕಾರ್ಖಾನೆ ಉತ್ಪಾದನೆಯಲ್ಲಿ ಮುಂಚೂಣಿಯಲ್ಲಿರುವ ರಾಜ್ಯ ಗುಜರಾತ್. ಇಷ್ಟು ಸಂಪತ್ತು ಹುಟ್ಟುವ ಈ ಮೂರು ನಗರಗಳಲ್ಲಿ ಅದರ ಎಷ್ಟು ಪಾಲು ಹೆಂಗಸರ ಕೈಗೆ ಬರುತ್ತದೆ, ಬಂದಷ್ಟು ಏಕೆ ಅಷ್ಟೇ ಆಗಿ ನಿಲ್ಲುತ್ತದೆ ಎಂಬುದು ಗುಜರಾತಿನವರಷ್ಟೇ ಕೇಳಿಕೊಳ್ಳಬೇಕಾದ ಪ್ರಶ್ನೆಯಲ್ಲ. ಪೀಣ್ಯದ ಗಾರ್ಮೆಂಟ್ಸ್, ಮೈಸೂರಿನ ಅಗರಬತ್ತಿ, ದಕ್ಷಿಣ ಕನ್ನಡದ ಬೀಡಿಯನ್ನು ಬಲ್ಲ ನಮಗೂ ಅದರಲ್ಲಿ ಪಾಠವಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು: ಓದು ಸಾಲದು, ಕೌಶಲ ಸಾಲದು, ದುಡಿಯುವ ಮನಸ್ಸು ಸಾಲದು. ಮೂರೂ ದೋಷವನ್ನು ದುಡಿಯುವವಳ ಮೇಲೆಯೇ ಹೊರಿಸುತ್ತವೆ. ಗುಜರಾತಿನ ನಗರಗಳ ಶತಮಾನದ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಒಬ್ಬಾಕೆಯ ಕೂಲಿಯನ್ನು ನಿರ್ಧರಿಸುವಲ್ಲಿ ಅವಳ ಕೈಚಳಕಕ್ಕಿಂತ ಹೆಚ್ಚಿನ ಪಾತ್ರ ವಹಿಸುವುದು, ಆ ಕೈಚಳಕವನ್ನು ಅವಳು ಇನ್ನೆಲ್ಲಿಗೆ ಒಯ್ಯಬಲ್ಲಳು ಎಂಬುದು. ‘ಈ ದರಕ್ಕೆ ನಾನು ಮಾಡುವುದಿಲ್ಲ’ ಎಂದು ಹೇಳಿ ಮರುದಿನ ಬೇರೆ ಬಾಗಿಲು ತಟ್ಟಲು ಸಾಧ್ಯವಿರುವವಳಿಗೆ ಒಂದು ಕೂಲಿ, ಸಾಧ್ಯವಿಲ್ಲದವಳಿಗೆ ಇನ್ನೊಂದು. ದೂರ, ಸಮಯ, ಒಡೆತನ, ಜೊತೆ ಎಂಬ ನಾಲ್ಕು ಸಂಗತಿಗಳು ಈ ಸಾಧ್ಯತೆಯನ್ನು ಕಟ್ಟುತ್ತವೆ ಅಥವಾ ಕೆಡವುತ್ತವೆ. ಶಿಕ್ಷಣ ಮತ್ತು ತರಬೇತಿಯ ಫಲ ಕೂಡ ಈ ನಾಲ್ಕನ್ನು ದಾಟಿಯೇ ಕೈಗೆ ಬರಬೇಕು.

ಓದಿನಿಂದಲೇ ಶುರು ಮಾಡೋಣ, ಏಕೆಂದರೆ ಈ ಪರೀಕ್ಷೆಗೆ ವಡೋದರಾಕ್ಕಿಂತ ಒಳ್ಳೆಯ ಊರು ಸಿಗಲಾರದು. ಅಂದು ಬರೋಡಾ ಎನಿಸಿದ್ದ ಈ ಊರಿನ ಅರಸ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿಯಲ್ಲಿ ಪ್ರಯೋಗ ನಡೆಸಿ, 1906ರಲ್ಲಿ ಇಡೀ ಬರೋಡಾ ಸಂಸ್ಥಾನಕ್ಕೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಹೆಣ್ಣುಮಕ್ಕಳೂ ಅದರಲ್ಲಿ ಸೇರಿದ್ದರು. ಬ್ರಿಟಿಷ್ ಭಾರತದಲ್ಲಿ ಅಂಥ ಕಾನೂನು ಇನ್ನೂ ಇರಲಿಲ್ಲ. 1949ರಲ್ಲಿ ಅಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಮೊದಲ ಕುಲಪತಿಯಾದವರು ಸೂರತ್ತಿನಲ್ಲಿ ಹುಟ್ಟಿದ ಹಂಸಾ ಮೆಹ್ತಾ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿ ಗಂಡಸರನ್ನಷ್ಟೇ ಅಲ್ಲದೆ ಎಲ್ಲ ಮನುಷ್ಯರನ್ನೂ ಹೆಸರಿಸುವಂತೆ ಮಾಡಿದವರು ಅವರೇ. ಇಂಥ ಪರಂಪರೆಯಿರುವ ಊರಿನಲ್ಲಿ ಓದೊಂದೇ ಆದಾಯವನ್ನು ತರುವುದಾಗಿದ್ದರೆ, ನೂರು ವರ್ಷಗಳ ಬಳಿಕ ಅಲ್ಲಿನ ಕೈಗಾರಿಕಾ ವಸಾಹತುಗಳ ಪಾಳಿಗಳಲ್ಲಿ ಹೆಂಗಸರು ಗಂಡಸರಿಗೆ ಸರಿಸಮನಾಗಿ ಕಾಣಬೇಕಿತ್ತು. ಹಾಗೆ ಕಾಣುವುದಿಲ್ಲ. ಓದು ವ್ಯರ್ಥವೆಂದು ಇದರ ಅರ್ಥವಲ್ಲ. ಓದಿದ ತಾಯಿಯ ಮಕ್ಕಳ ಆರೋಗ್ಯ, ಮದುವೆಯ ವಯಸ್ಸು, ಮನೆಯೊಳಗಿನ ಮಾತಿನ ಬೆಲೆ ಎಲ್ಲವೂ ಓದಿನಿಂದ ಬದಲಾಗಿವೆ. ಆದರೆ ಪ್ರಮಾಣಪತ್ರ ಸಂಬಳವಾಗಬೇಕಾದರೆ ಮನೆಯಿಂದ ತಲುಪಬಲ್ಲಷ್ಟು ದೂರದಲ್ಲಿ, ಮನೆಗೆಲಸದ ನಡುವೆ ಸಿಗುವ ಹೊತ್ತಿನಲ್ಲಿ ಕೆಲಸವಿರಬೇಕು. ಅದನ್ನು ಶಾಲೆ ಕೊಡಲಾರದು.

ಗಿರಣಿ ಬಾಗಿಲು ಮುಚ್ಚಿದ ಬಗೆ

ಅಂಥ ಕೆಲಸ ಒಂದು ಕಾಲದಲ್ಲಿ ಅಹಮದಾಬಾದಿನಲ್ಲಿ ಇತ್ತು. ಬಟ್ಟೆ ಗಿರಣಿಗಳ ನೂಲು ಸುತ್ತುವ ವಿಭಾಗಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದರು. ಅಲ್ಲಿನ ಕಾರ್ಮಿಕ ಸಂಘಟನೆಗೆ ನೆಲೆ ಹಾಕಿದವರೂ ಅನಸೂಯಾ ಸಾರಾಭಾಯಿ ಎಂಬ ಹೆಣ್ಣುಮಗಳು. 1920ರಲ್ಲಿ ಹುಟ್ಟಿದ ಮಜೂರ್ ಮಹಾಜನ್ ಸಂಘದ ಹಿಂದೆ ಗಾಂಧೀಜಿಯವರ ಜೊತೆ ಅವರಿದ್ದರು. ಆಮೇಲಿನ ದಶಕಗಳಲ್ಲಿ ಹೆಂಗಸರ ಪಾಲು ಕುಸಿಯುತ್ತಲೇ ಹೋಯಿತು. ಹೊಸ ಯಂತ್ರಗಳು ಬಂದಾಗ ಮೊದಲು ಕೆಲಸ ಹೋದದ್ದು ಅವರಿದ್ದ ವಿಭಾಗಗಳಲ್ಲಿ. 1929ರ ಮುಂಬಯಿ ಹೆರಿಗೆ ಸೌಲಭ್ಯ ಕಾಯ್ದೆಯ ಖರ್ಚು ಮಾಲೀಕನ ಹೆಗಲಿಗೇ ಬಿದ್ದುದರಿಂದ ಹೆಂಗಸರನ್ನು ಸೇರಿಸಿಕೊಳ್ಳದಿರುವುದೇ ಅವನಿಗೆ ಅಗ್ಗವಾಯಿತು. 1948ರ ಕಾರ್ಖಾನೆ ಕಾಯ್ದೆ ಸಂಜೆ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರ ದುಡಿಮೆಯನ್ನು ನಿಷೇಧಿಸಿತು. ಮೂರು ಪಾಳಿಯಲ್ಲಿ ಓಡುವ ಗಿರಣಿಗೆ ಎರಡೇ ಪಾಳಿಗೆ ಒದಗುವ ಕೆಲಸಗಾರ್ತಿ ಬೇಡವಾದಳು. ಎಂಬತ್ತರ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿ ಲಕ್ಷದಷ್ಟು ಕಾರ್ಮಿಕರು ಬೀದಿಗೆ ಬೀಳುವ ಹೊತ್ತಿಗೆ, ಅವರಲ್ಲಿ ಹೆಂಗಸರು ಬೆರಳೆಣಿಕೆಗೆ ಇಳಿದಿದ್ದರು. ಗಂಡಂದಿರ ಸಂಬಳ ನಿಂತ ಮನೆಗಳನ್ನು ನಡೆಸುವ ಹೊಣೆ ಮಾತ್ರ ಅಲ್ಲಿನ ಹೆಂಗಸರ ಮೇಲೆಯೇ ಬಂತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಹೆಣ್ಣನ್ನು ಕಾಪಾಡಲು ತಂದ ಕಾನೂನುಗಳೇ ಅವಳ ಅನ್ನ ಕಿತ್ತುಕೊಂಡವು, ಆದ್ದರಿಂದ ಅಂಥ ರಕ್ಷಣೆಗಳೇ ಬೇಡ ಎಂದು ಕೆಲವರು ವಾದಿಸುತ್ತಾರೆ. ಗಿರಣಿಗಳ ಇತಿಹಾಸ ಮೇಲ್ನೋಟಕ್ಕೆ ಅವರ ಪರವಾಗಿದೆ. ಆದರೆ ತಪ್ಪಾದದ್ದು ಹೆರಿಗೆ ರಜೆ ಕೊಟ್ಟದ್ದರಲ್ಲಿ ಅಲ್ಲ, ಅದರ ಖರ್ಚನ್ನು ಹೆಂಗಸರನ್ನು ನೇಮಿಸಿಕೊಂಡ ಮಾಲೀಕನೊಬ್ಬನೇ ಹೊರಬೇಕೆಂದದ್ದರಲ್ಲಿ. ಕಾರ್ಮಿಕ ರಾಜ್ಯ ವಿಮೆ, ಅಂದರೆ ಇಎಸ್‌ಐ, ಆ ಖರ್ಚನ್ನು ಎಲ್ಲ ಮಾಲೀಕರ ಮತ್ತು ಕಾರ್ಮಿಕರ ನಡುವೆ ಹಂಚುತ್ತದೆ. ಆ ವ್ಯಾಪ್ತಿಯಲ್ಲಿರುವ ಕಾರ್ಖಾನೆಗೆ ಹೆಂಗಸು ದುಬಾರಿಯಾಗಬೇಕಿಲ್ಲ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದಾಗ ಇಎಸ್‌ಐ ಆಚೆಗಿನ ಉದ್ಯೋಗಗಳಲ್ಲಿ ಪೂರ್ತಿ ಖರ್ಚನ್ನು ಮತ್ತೆ ಮಾಲೀಕನ ಮೇಲೆಯೇ ಹಾಕಿ ಹಳೆಯ ತಪ್ಪನ್ನು ಪುನರಾವರ್ತಿಸಲಾಯಿತು. ರಾತ್ರಿ ಪಾಳಿಯ ಮಾತೂ ಅಷ್ಟೇ. ನಿಷೇಧವನ್ನು ತೆಗೆದರೆ ಅರ್ಧ ಕೆಲಸ ಮುಗಿಯಿತು. ಪಾಳಿ ಮುಗಿದ ಮೇಲೆ ಮನೆ ತಲುಪಿಸುವ ವಾಹನ, ದೀಪವಿರುವ ರಸ್ತೆ, ಕಾರ್ಖಾನೆಯೊಳಗಿನ ಶಿಶುವಿಹಾರ ಇಲ್ಲದಿದ್ದರೆ ಉಳಿದರ್ಧ ಬಾಕಿ ಉಳಿಯುತ್ತದೆ.

ಬೆಳವಣಿಗೆಯೇ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ಇನ್ನೊಂದು ನಂಬಿಕೆಯೂ ಗುಜರಾತಿನಲ್ಲಿ ನಿಲ್ಲುವುದಿಲ್ಲ. 2023ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ತೋರಿಸಿದಂತೆ, ಕೃಷಿಯಿಂದ ಕೈಗಾರಿಕೆಗೆ ಹೊರಳುವ ಆರ್ಥಿಕತೆಯಲ್ಲಿ ದುಡಿಯುವ ಹೆಂಗಸರ ಪ್ರಮಾಣ ಮೊದಲು ಇಳಿದು, ಸೇವಾ ವಲಯ ಬೆಳೆದ ಮೇಲೆ ಏರುತ್ತದೆ. ಏರುವುದು ತನ್ನಷ್ಟಕ್ಕೆ ಆಗುವುದಿಲ್ಲ ಎಂಬುದಕ್ಕೂ ಯಾವ ಬಗೆಯ ಕೈಗಾರಿಕೆ ಬರುತ್ತದೆ ಎಂಬುದು ಮುಖ್ಯ ಎಂಬುದಕ್ಕೂ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಭಾರತದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಲ್ಲಿ ಐದರಲ್ಲಿ ಎರಡು ಪಾಲಿನಷ್ಟು ತಮಿಳುನಾಡೊಂದರಲ್ಲೇ ಇದ್ದಾರೆ. ಸಿದ್ಧ ಉಡುಪಿನಿಂದಾಗಿ ಕರ್ನಾಟಕದಲ್ಲೂ ದೊಡ್ಡ ಸಂಖ್ಯೆಯಿದೆ. ಗುಜರಾತಿನ ಬಂಡವಾಳ ಹರಿದದ್ದು ತೈಲ, ರಾಸಾಯನಿಕ, ಔಷಧ, ಭಾರೀ ಎಂಜಿನಿಯರಿಂಗ್ ಕಡೆಗೆ. ಅಲ್ಲಿ ಯಂತ್ರ ಹೆಚ್ಚು, ಕೈ ಕಡಿಮೆ. ಬೇಕಾದ ಕೈಗಳಿಗೂ ಒಡಿಶಾದ ಗಂಜಾಂ ಮೊದಲಾದ ಕಡೆಗಳಿಂದ ಒಂಟಿಯಾಗಿ ಬಂದು ಸೂರತ್ತಿನ ಪವರ್‌ಲೂಮ್‌ಗಳಲ್ಲಿ ಹನ್ನೆರಡು ಗಂಟೆಗಳ ಪಾಳಿ ಮಾಡುವ ಗಂಡಸರಿದ್ದಾರೆ. ಕಾರ್ಖಾನೆಯ ಗೇಟು ಹೀಗೆ ಕಿರಿದಾದ ಕಡೆ ಹೆಂಗಸರ ದುಡಿಮೆ ಇಲ್ಲವಾಗುವುದಿಲ್ಲ. ಅದು ಮನೆಯೊಳಗೆ ಸರಿಯುತ್ತದೆ.

ಮನೆಯೇ ಕಾರ್ಖಾನೆಯಾದಾಗ

ಸೂರತ್ತಿನ ಸೀರೆಗೆ ಹರಳು ಅಂಟಿಸುವುದು, ಲೇಸು ಹೊಲಿಯುವುದು, ಕಸೂತಿ ಯಂತ್ರದಿಂದ ಬಂದ ಬಟ್ಟೆಯ ಹೆಚ್ಚುವರಿ ದಾರ ಕತ್ತರಿಸುವುದು ಬಹುಪಾಲು ಮನೆಗಳಲ್ಲಿ ನಡೆಯುತ್ತದೆ. ಅಹಮದಾಬಾದಿನಲ್ಲಿ ಅಗರಬತ್ತಿ ಹೊಸೆಯುವವರು, ಬೀಡಿ ಕಟ್ಟುವವರು, ಚಿಂದಿ ಬಟ್ಟೆಯ ಕೌದಿ ಹೊಲಿಯುವವರು ಇದ್ದಾರೆ. ಕೂಲಿ ನಗಕ್ಕಿಷ್ಟು, ಸಾವಿರಕ್ಕಿಷ್ಟು ಎಂದು. ದಾರ, ಸೂಜಿ, ಕರೆಂಟು, ಹೊಲಿಗೆ ಯಂತ್ರದ ರಿಪೇರಿ, ಜಾಗದ ಬಾಡಿಗೆ ಎಲ್ಲವೂ ಅವಳದೇ. ಸರಿಯಿಲ್ಲವೆಂದು ಗುತ್ತಿಗೆದಾರ ತಳ್ಳಿಹಾಕಿದ ಮಾಲಿನ ನಷ್ಟವೂ ಅವಳದೇ. ಪುತ್ತೂರು, ಬಂಟ್ವಾಳದ ಕಡೆ ಬೀಡಿ ಬ್ರಾಂಚಿನ ಮುಂದೆ ಚೀಲ ಹಿಡಿದು ನಿಂತ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗುತ್ತಿಗೆದಾರ ಒಂದು ಓಣಿಗೆ ಒಬ್ಬನೇ. ಪಕ್ಕದ ಓಣಿಯವಳಿಗೆ ಎಷ್ಟು ಕೊಡುತ್ತಾನೆಂಬುದು ಇವಳಿಗೆ ಗೊತ್ತಾಗುವುದಿಲ್ಲ. ದರ ಅಲ್ಲಿಯೇ, ಆ ಹೊಸ್ತಿಲಲ್ಲಿಯೇ ನಿಗದಿಯಾಗುತ್ತದೆ. ನಿಗದಿ ಮಾಡುವವನಿಗೆ ನೂರು ಮನೆಗಳಿವೆ, ಒಪ್ಪಿಕೊಳ್ಳುವವಳಿಗೆ ಅವನೊಬ್ಬನೇ ಇದ್ದಾನೆ.

ಸಮಯದ ಲೆಕ್ಕವೂ ಇದರ ಜೊತೆಗಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸದಲ್ಲಿ ತೊಡಗುವ ಗಂಡಸರು ಕೊಡುವುದು 97 ನಿಮಿಷ, ಅಂಥ ಗಂಡಸರು ನಾಲ್ವರಲ್ಲಿ ಒಬ್ಬ ಮಾತ್ರ. 2024ರ ಸಮೀಕ್ಷೆಯಲ್ಲಿ ಹೆಂಗಸರ ಲೆಕ್ಕ 289 ನಿಮಿಷಕ್ಕೆ ಇಳಿದಿದೆ, ಗಂಡಸರದು 88ಕ್ಕೆ. ಇಬ್ಬರ ನಡುವಿನ ಅಂತರ ಹತ್ತಿರ ಹತ್ತಿರ ಅಷ್ಟೇ ಉಳಿದಿದೆ. ಮಕ್ಕಳು, ಮುದುಕರ ಆರೈಕೆಯ ಹೊತ್ತು ಇದರ ಹೊರಗಿನದು. ದಿನದ ಐದು ಗಂಟೆ ಹೀಗೆ ಮೊದಲೇ ಖರ್ಚಾದವಳಿಗೆ ದೂರದ ಎಂಟು ಗಂಟೆಯ ಕೆಲಸ ಕೈಗೆಟುಕುವುದಿಲ್ಲ. ಒಲೆಯ ಪಕ್ಕದಲ್ಲಿ ಕೂತು ಮಾಡುವ ಕಡಿಮೆ ದರದ ಕೆಲಸವನ್ನು ಅವಳು ಒಪ್ಪಿಕೊಳ್ಳುತ್ತಾಳೆ. ಹೆಂಗಸರಿಗೆ ಮನೆಯಲ್ಲೇ ಮಾಡುವ ಕೆಲಸ ಇಷ್ಟ, ಅದು ಅವರ ಆಯ್ಕೆ ಎಂದು ಹೇಳುವವರು ಈ ಐದು ಗಂಟೆಯನ್ನು ಮರೆಯುತ್ತಾರೆ.

ದೂರ ಎಷ್ಟು ದುಬಾರಿ ಎಂಬುದಕ್ಕೆ ಅಹಮದಾಬಾದಿನಲ್ಲೇ ಒಂದು ದೊಡ್ಡ ಪುರಾವೆ ಸಿಕ್ಕಿದೆ. 1987ರಲ್ಲಿ ಅಲ್ಲಿನ ಬೀಡಿ ಕಾರ್ಮಿಕ ಮಹಿಳೆಯರಿಗೆ ಲಾಟರಿ ಎತ್ತಿ ನಗರದ ಅಂಚಿನಲ್ಲಿ ಹೊಸ ಮನೆಗಳನ್ನು ಅಗ್ಗದ ಕಂತಿನಲ್ಲಿ ಕೊಡಲಾಯಿತು. ಹದಿನಾಲ್ಕು ವರ್ಷಗಳ ನಂತರದ ಸ್ಥಿತಿಯನ್ನು ಶರೋನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಅಧ್ಯಯನ ಮಾಡಿದರು. ಗೆದ್ದವರಲ್ಲಿ ಶೇ 34ರಷ್ಟು ಮಂದಿ ಹೊಸ ಮನೆಗೆ ಹೋಗಲೇ ಇಲ್ಲ. ಶೇ 32ರಷ್ಟು ಮಂದಿ ಹೋಗಿ, ಬಿಟ್ಟು ಬಂದರು. ಮನೆ ಮೊದಲಿನದಕ್ಕಿಂತ ಚೆನ್ನಾಗಿತ್ತು. ಆದರೆ ಗೆದ್ದವರ ಆದಾಯವಾಗಲಿ ಅವರ ಮಕ್ಕಳ ಸ್ಥಿತಿಯಾಗಲಿ ಸೋತವರಿಗಿಂತ ಉತ್ತಮವಾಗಿರಲಿಲ್ಲ. ಬಂಧು ಬಳಗ, ನೆರೆಹೊರೆ ದೂರವಾಗಿ, ಕಷ್ಟಕ್ಕೆ ಕೈಸಾಲ ಕೊಡುವವರು ಇಲ್ಲವಾಗಿದ್ದರು. ಬಡ ಹೆಂಗಸಿಗೆ ಬಳಗವೇ ಬ್ಯಾಂಕು, ಬಳಗವೇ ಉದ್ಯೋಗ ವಿನಿಮಯ ಕೇಂದ್ರ. ಈ ಪಾಠವಿದ್ದೂ ಸಾಬರಮತಿ ನದೀತೀರ ಯೋಜನೆಗಾಗಿ ತೆರವಾದ ಕುಟುಂಬಗಳಲ್ಲಿ ಹಲವನ್ನು ವಟವಾದಂಥ ಅಂಚಿನ ಬಡಾವಣೆಗಳಿಗೆ ಕಳಿಸಲಾಯಿತು. ನಾಲ್ಕು ಮನೆಗಳ ಕಸಮುಸುರೆ ಮಾಡಿ ಬದುಕುವವಳಿಗೆ ಬಸ್ ಚಾರ್ಜು ಮತ್ತು ಹಾದಿಯ ಎರಡು ಗಂಟೆ ಸೇರಿದರೆ ಅದು ಕೂಲಿಯಲ್ಲೇ ಆದ ಕಡಿತ. ಈ ದೃಷ್ಟಿಯಿಂದ ನೋಡಿದರೆ, 2023ರ ಜೂನ್ 11ರಂದು ಕರ್ನಾಟಕದಲ್ಲಿ ಶುರುವಾದ ‘ಶಕ್ತಿ’ ಯೋಜನೆಯ ಉಚಿತ ಬಸ್ಸನ್ನು ಬರಿಯ ರಿಯಾಯಿತಿ ಎಂದು ಅಳೆಯುವುದು ಸರಿಯಲ್ಲ. ಅದು ಹೆಣ್ಣೊಬ್ಬಳು ಕೆಲಸ ಹುಡುಕಬಹುದಾದ ವೃತ್ತವನ್ನು ದೊಡ್ಡದು ಮಾಡುವ ಕ್ರಮ.

ಜೊತೆಗಾತಿಯ ಬೆಲೆ

ಹಾಗಾದರೆ ಈ ಕಟ್ಟು ಬಿಚ್ಚುವುದು ಹೇಗೆ? 1971ರಲ್ಲಿ ಅಹಮದಾಬಾದಿನ ಜವಳಿ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವ ಹೆಂಗಸರು ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ವಕೀಲೆ ಇಳಾ ಭಟ್ಟರ ಬಳಿ ಬಂದರು. ವ್ಯಾಪಾರಿಗಳು ಕೊಡುತ್ತಿದ್ದ ಕೂಲಿಯ ಬಗ್ಗೆ ಇಳಾ ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಉತ್ತರವಾಗಿ, ನಾವು ನ್ಯಾಯವಾದ ದರವನ್ನೇ ಕೊಡುತ್ತಿದ್ದೇವೆ ಎಂದು ಅಂಕಿಗಳ ಸಮೇತ ಹೇಳಿಕೊಂಡರು. ಆ ಅಂಕಿಗಳನ್ನೇ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹೊರೆಯಾಳುಗಳಿಗೆ ಹಂಚಲಾಯಿತು. ಅಂಗಡಿಯ ಮುಂದೆ ಒಬ್ಬೊಬ್ಬಳೂ ಆ ಕಾರ್ಡು ತೋರಿಸಿ ಕೇಳತೊಡಗಿದಳು. 1972ರ ಏಪ್ರಿಲ್‌ನಲ್ಲಿ ಇಂಥ ಹೆಂಗಸರಿಗಾಗಿ ಇಳಾ ಕಟ್ಟಿದ ‘ಸೇವಾ’ ಕಾರ್ಮಿಕ ಸಂಘವಾಗಿ ನೋಂದಣಿಯಾಯಿತು. ಮಾಲೀಕನೇ ಇಲ್ಲದವರಿಗೆ ಸಂಘವೇಕೆ ಎಂದು ಕಾರ್ಮಿಕ ಇಲಾಖೆ ಮೊದಲು ಆಕ್ಷೇಪಿಸಿತ್ತು. ಸಂಘವೆಂದರೆ ಕಾರ್ಮಿಕರ ಒಗ್ಗಟ್ಟು, ಅದಕ್ಕೆ ಎದುರಾಳಿ ಇರಲೇಬೇಕೆಂದಿಲ್ಲ ಎಂಬುದು ಸೇವಾದ ವಾದ. ಎರಡೇ ವರ್ಷಗಳಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸಹಕಾರಿ ಬ್ಯಾಂಕನ್ನೇ ಕಟ್ಟಿದರು. ಮಾಣೆಕ್ ಚೌಕದ ತರಕಾರಿ ಮಾರುವ ಹೆಂಗಸರ ಜಾಗಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದರು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯಲ್ಲಿದ್ದೇ ಉತ್ಪಾದನೆ ಮಾಡುವವರನ್ನು ಕಾರ್ಮಿಕರೆಂದು ಒಪ್ಪುವ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿದ್ದರ ಹಿಂದೆಯೂ ಅವರ ಶ್ರಮವಿತ್ತು. ಭಾರತ ಮಾತ್ರ ಅದನ್ನು ಇನ್ನೂ ಅನುಮೋದಿಸಿಲ್ಲ.

ಸಂಘಟನೆಯ ಬಲವನ್ನು ಭಾವುಕತೆ ಎಂದು ತಳ್ಳಿಹಾಕುವವರಿಗಾಗಿ ಇನ್ನೊಂದು ಪ್ರಯೋಗವನ್ನು ಮುಂದಿಡಬಹುದು. ಸೇವಾ ಬ್ಯಾಂಕಿನ ಗ್ರಾಹಕ ಮಹಿಳೆಯರಿಗೆ ಎರಡು ದಿನಗಳ ವ್ಯವಹಾರ ತರಬೇತಿ ಏರ್ಪಡಿಸಿದ ಸಂಶೋಧಕಿಯರು, ಕೆಲವರನ್ನು ಒಂಟಿಯಾಗಿ, ಕೆಲವರನ್ನು ಗೆಳತಿಯೊಬ್ಬಳ ಜೊತೆಗೆ ಬರಲು ಕರೆದರು. ಪಾಠ ಒಂದೇ, ಬ್ಯಾಂಕು ಒಂದೇ. ನಾಲ್ಕು ತಿಂಗಳ ನಂತರ ನೋಡಿದಾಗ ಗೆಳತಿಯೊಡನೆ ಬಂದವರು ವ್ಯವಹಾರಕ್ಕೆ ಸಾಲ ಪಡೆದದ್ದು ಹೆಚ್ಚು, ಅವರ ಮನೆಯ ಆದಾಯವೂ ಹೆಚ್ಚಿತ್ತು, ತಾನು ಬರಿ ಗೃಹಿಣಿ ಎಂದು ಹೇಳಿಕೊಳ್ಳುವವರು ಕಡಿಮೆ. ಹೆಂಗಸರ ಓಡಾಟಕ್ಕೆ ಕಟ್ಟುಪಾಡು ಬಿಗಿಯಾಗಿರುವ ಸಮುದಾಯಗಳಲ್ಲಿ ಈ ಫಲ ಇನ್ನೂ ಗಾಢವಾಗಿತ್ತು. ತರಬೇತಿ ಎರಡೂ ಗುಂಪಿಗೆ ಸಮನಾಗಿ ಸಿಕ್ಕಿದ್ದರಿಂದ, ವ್ಯತ್ಯಾಸ ತಂದದ್ದು ಜೊತೆಗಾತಿಯೇ. ಒಡೆತನದ ಮಾತನ್ನೂ ಇಲ್ಲಿಯೇ ಸೇರಿಸಬೇಕು. 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಹಪ್ಪಳದಲ್ಲೂ ಲಟ್ಟಿಸುವ ಕೆಲಸ ಮನೆಯಲ್ಲೇ ನಡೆಯುತ್ತದೆ. ಆದರೆ ಲಟ್ಟಿಸುವವಳೇ ಸಂಸ್ಥೆಯ ಒಡತಿ, ಲಾಭದಲ್ಲಿ ಪಾಲುಗಾರ್ತಿ. ಮನೆ ಅದೇ, ಮಣೆ ಅದೇ, ಕೈ ಅದೇ, ಗಳಿಕೆ ಬೇರೆ.

ಇನ್ನು ಕೊನೆಯ ಎರಡು ಆಕ್ಷೇಪಗಳು. ಹದಿನೈದು ದಾಟಿದ ಹೆಂಗಸರಲ್ಲಿ ದುಡಿಮೆಗಿಳಿದವರ ಪ್ರಮಾಣ ದೇಶದಲ್ಲಿ 2017-18ರ ಶೇ 23.3ರಿಂದ 2023-24ರಲ್ಲಿ ಶೇ 41.7ಕ್ಕೆ ಏರಿದೆ, ಸಮಸ್ಯೆ ತಾನಾಗಿ ಬಗೆಹರಿಯುತ್ತಿದೆ ಎನ್ನುವುದು ಮೊದಲನೆಯದು. ಏರಿಕೆ ನಿಜ. ಆದರೆ ನಗರಗಳಲ್ಲಿ ಅದು 2023-24ರಲ್ಲೂ ಶೇ 28ರಲ್ಲೇ ಇತ್ತು. ದುಡಿಯುವ ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸ್ವಯಂ ಉದ್ಯೋಗಿಗಳು, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ದುಡಿಮೆಗಾರರ ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ಕೈಗೆ ಹಣ ಬರುವುದಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನಗಕ್ಕಿಷ್ಟು ಎಂಬ ಕೂಲಿಗೆ ಕನಿಷ್ಠ ದರ ಹೇರಿದರೆ ಗುತ್ತಿಗೆದಾರ ಕೆಲಸವನ್ನೇ ಪಕ್ಕದ ಜಿಲ್ಲೆಗೋ ಪಕ್ಕದ ರಾಜ್ಯಕ್ಕೋ ಒಯ್ಯುತ್ತಾನೆ. ಬೀಡಿಯಲ್ಲಿ, ಅಗರಬತ್ತಿಯಲ್ಲಿ ಈ ಭಯ ಸುಳ್ಳಲ್ಲ. ಒಂದೇ ಊರಿನ, ಒಂದೇ ಕಸುಬಿನ ಹೋರಾಟಕ್ಕೆ ಮಿತಿ ಇರುವುದು ಇದಕ್ಕೇ. ಆದರೆ ಮಾಲು ಓಡಿಹೋಗುತ್ತದೆಂದು ದರ ಕೇಳದಿರುವುದು ಪರಿಹಾರವಲ್ಲ. ಎಲ್ಲ ರಾಜ್ಯಗಳಿಗೂ ಒಂದೇ ಕನಿಷ್ಠ ದರ ಬೇಕು, ಕೆಲಸ ಹೋದಾಗ ಬೇರೆ ಕೆಲಸಕ್ಕೆ ಹೊರಳಲು ಸಾಲ ಮತ್ತು ಶಿಶುವಿಹಾರದ ಆಸರೆ ಬೇಕು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ನಿಯಮದ ಬದಲಾವಣೆಯ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದಾಗ ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಂದೇ ಸೂರಿನಡಿ ದುಡಿಯುವವರಿಗೆ ಸಾಧ್ಯವಾದ ಆ ಒಗ್ಗಟ್ಟನ್ನು ಸಾವಿರ ಸೂರುಗಳಡಿ ಚದುರಿದವರಿಗೆ ಕಾನೂನು ಮತ್ತು ಸಂಘಗಳು ಕಟ್ಟಿಕೊಡಬೇಕು.

ಆದ್ದರಿಂದ ಹೆಣ್ಣಿನ ಆದಾಯವನ್ನು ಹೆಚ್ಚಿಸುವೆನೆಂದು ಬರುವ ಪ್ರತಿ ಯೋಜನೆಗೂ, ಅದು ಗುಜರಾತಿನ ಗಾಂಧಿನಗರದಿಂದ ಬರಲಿ, ವಿಧಾನಸೌಧದಿಂದ ಬರಲಿ, ನಾಲ್ಕು ಪ್ರಶ್ನೆ ಕೇಳಬೇಕು. ಇದು ಅವಳ ಕೆಲಸದ ಹಾದಿಯನ್ನು ಹತ್ತಿರ ಮಾಡುತ್ತದೆಯೇ? ಅವಳ ದಿನದಿಂದ ಒಂದು ಗಂಟೆಯನ್ನಾದರೂ ಬಿಡಿಸಿಕೊಡುತ್ತದೆಯೇ? ಮನೆ, ಯಂತ್ರ, ಖಾತೆ, ಭೂಮಿಯಲ್ಲಿ ಏನನ್ನಾದರೂ ಅವಳ ಹೆಸರಿಗೆ ಬರೆಯುತ್ತದೆಯೇ? ತನ್ನಂತೆ ದುಡಿಯುವ ಇನ್ನೊಬ್ಬಳ ಜೊತೆ ಅವಳನ್ನು ಸೇರಿಸುತ್ತದೆಯೇ? ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾನೂನನ್ನು ಕರ್ನಾಟಕ 1994ರಲ್ಲೇ ಮಾಡಿತು, ದೇಶ 2005ರಲ್ಲಿ ಮಾಡಿತು. ಆದರೂ ಅಣ್ಣತಮ್ಮಂದಿರ ಮುಖ ನೋಡಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಇಲ್ಲಿಯೂ ಅಲ್ಲಿಯೂ ನಿಂತಿಲ್ಲ. ನಾಲ್ಕು ಪ್ರಶ್ನೆಗೂ ಇಲ್ಲವೆಂಬ ಉತ್ತರ ಬಂದರೆ, ಎಷ್ಟು ಹೊಲಿಗೆ ತರಗತಿ ನಡೆಸಿದರೂ ಹೊಲಿಗೆ ಬಲ್ಲವರ ಸಂಖ್ಯೆ ಹೆಚ್ಚಿ ನಗದ ದರ ಇನ್ನಷ್ಟು ಇಳಿಯುತ್ತದೆ. ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ, ಆಕೆ ಈಗಾಗಲೇ ಬಲ್ಲ ಕೆಲಸಕ್ಕೇ ಹೆಚ್ಚಿನ ಬೆಲೆ ಕೇಳುವ ಶಕ್ತಿ ಬರುತ್ತದೆ. ಸರ್ಕಾರಗಳು ಹಣ ಹಾಕಬೇಕಾದದ್ದು ಆ ಶಕ್ತಿಯನ್ನು ಬೆಳೆಸುವುದಕ್ಕೆ.